ಗದ್ದುಗೆಯ ಗೊಡವೆಯಿಲ್ಲದ ಶಾಂತಿ

1992ರ ಅಕ್ಟೋಬರ್ 4ರಂದು ರೋಮ್ ನಗರದಲ್ಲಿ ಮೊಜಾಂಬಿಕ್ ದೇಶದ ಅಧ್ಯಕ್ಷ ಜೋಕಿಂ ಚಿಸ್ಸಾನೊ ಮತ್ತು ಅವರ ಸರ್ಕಾರದ ವಿರುದ್ಧ ಬಂದೂಕು ಹಿಡಿದಿದ್ದ ರೆನಾಮೊ ಪಡೆಯ ನಾಯಕ ಅಫೊನ್ಸೊ ಧ್ಲಕಾಮ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಹದಿನೈದು ವರ್ಷ ನಡೆದು ಸುಮಾರು ಹತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡಿದ್ದ ಅಂತರ್ಯುದ್ಧ ಅಲ್ಲಿಗೆ ನಿಂತಿತು. ಅದಕ್ಕೂ ಮುಂಚೆ ಇಪ್ಪತ್ತೇಳು ತಿಂಗಳ ಕಾಲ ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ ಮಾತನಾಡಿಸಿದ್ದು ರೋಮಿನ ಟ್ರಾಸ್ಟೆವೆರೆ ಎಂಬ ಹಳೆಯ ಪೇಟೆಯ ಕಟ್ಟಡವೊಂದರಲ್ಲಿ. ಹಿಂದೆ ಅದು ಸನ್ಯಾಸಿನಿಯರ ಮಠವಾಗಿತ್ತು. ಅಲ್ಲಿದ್ದದ್ದು ಸಾಂತ್ ಎಜಿಡಿಯೊ ಎಂಬ ಬಳಗ. 1968ರಲ್ಲಿ ಆಂದ್ರೆಯಾ ರಿಕ್ಕಾರ್ದಿ ಎಂಬ ಹೈಸ್ಕೂಲು ಹುಡುಗ ಗೆಳೆಯರನ್ನು ಕಟ್ಟಿಕೊಂಡು ಅದನ್ನು ಶುರು ಮಾಡಿದ. ಕೂಡಿ ಪ್ರಾರ್ಥನೆ ಮಾಡುವುದು, ಊರಂಚಿನ ಜೋಪಡಿಗಳ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುವುದು, ಇವೇ ಅವರ ಮೊದಲ ಕೆಲಸಗಳು.

ಆ ಹುಡುಗರು ದೊಡ್ಡವರಾದ ಮೇಲೆ ಒಂದು ದೇಶದ ಯುದ್ಧ ನಿಲ್ಲಿಸಲು ಹೇಗೆ ಸಾಧ್ಯವಾಯಿತು? ಅವರ ಬಳಿ ಸೈನ್ಯವಿರಲಿಲ್ಲ, ಒತ್ತಡ ಹೇರುವಷ್ಟು ಹಣವೂ ಇರಲಿಲ್ಲ. 1980ರ ದಶಕದ ಬರಗಾಲದಲ್ಲಿ ಮೊಜಾಂಬಿಕ್‌ಗೆ ಆಹಾರ ಮತ್ತು ಔಷಧ ಕಳಿಸಿದ್ದ ನಂಟು ಮಾತ್ರ ಇತ್ತು. ಬೈರಾ ನಗರದ ಆರ್ಚ್‌ಬಿಷಪ್ ಜೈಮೆ ಗೊನ್ಸಾಲ್ವಿಸ್ ಅವರ ಸ್ನೇಹವೂ ಇತ್ತು. ಈ ಜನಕ್ಕೆ ತಮ್ಮ ದೇಶದಲ್ಲಿ ಗಳಿಸಬೇಕಾದದ್ದು ಏನೂ ಇಲ್ಲ ಎಂಬುದು ಇಬ್ಬರು ವೈರಿಗಳಿಗೂ ಮನವರಿಕೆಯಾಗಿತ್ತು. ಇಟಲಿ ಸರ್ಕಾರ ಜೊತೆಗೆ ನಿಂತಿತು, ವಿಶ್ವಸಂಸ್ಥೆ ಆಮೇಲೆ ಬಂತು. ಆದರೆ ಬಾಗಿಲು ತೆರೆದದ್ದು ಈ ನಂಬಿಕೆ.

ಯೇಸುವಿನ ಹಿಂಬಾಲಕರು ಅಧಿಕಾರದ ಕುರ್ಚಿಗೆ ಕೈಚಾಚದೆ, ಮತಪೆಟ್ಟಿಗೆಯನ್ನೇ ನೆಚ್ಚಿ ಕೂರದೆ ಶಾಂತಿಗಾಗಿ ದುಡಿಯಬಹುದೇ? ಅದರಿಂದ ಏನಾದರೂ ಆಗುತ್ತದೆಯೇ? ಅದು ಹೊಣೆ ಜಾರಿಸಿಕೊಳ್ಳುವ ದಾರಿಯೇ? ಈ ಪ್ರಶ್ನೆಗಳು ಕ್ರೈಸ್ತ ಧರ್ಮದಷ್ಟೇ ಹಳೆಯವು. ವೈರಿಯನ್ನು ಪ್ರೀತಿಸಬೇಕು, ಕೇಡಿಗೆ ಕೇಡು ಮಾಡಬಾರದು ಎಂದು ಬೆಟ್ಟದ ಮೇಲೆ ಕುಳಿತು ಯೇಸು ಹೇಳಿದ ಮಾತನ್ನು ಅಕ್ಷರಶಃ ನಂಬಿದವರು ಎಲ್ಲ ಕಾಲದಲ್ಲೂ ಇದ್ದರು, ಮತ್ತು ಎಲ್ಲ ಕಾಲದಲ್ಲೂ ಅವರ ಸಂಖ್ಯೆ ಕಡಿಮೆಯಿತ್ತು. ಅವರ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಗಟ್ಟಿಯಾಗುತ್ತ ಬಂದ ಅಭಿಪ್ರಾಯವೊಂದಿದೆ. ಅಧಿಕಾರದಿಂದ ದೂರ ನಿಂತು, ನೊಂದವರ ಹತ್ತಿರಕ್ಕೆ ಹೋದವರು ದೊಡ್ಡ ಕೆಲಸ ಮಾಡಿದ್ದಾರೆ. ಅಧಿಕಾರದಿಂದಲೂ ನೊಂದವರಿಂದಲೂ ದೂರ ನಿಂತು ತಮ್ಮ ಮಡಿಯನ್ನು ಕಾಪಾಡಿಕೊಂಡವರಿಂದ ಏನೂ ಆಗಲಿಲ್ಲ, ಕೆಲವೊಮ್ಮೆ ಕೇಡೂ ಆಯಿತು.

ಮೊದಲ ಮೂರು ಶತಮಾನಗಳ ಕತೆಯನ್ನು ಬೇಗ ಹೇಳಬಹುದು. 295ರಲ್ಲಿ ಉತ್ತರ ಆಫ್ರಿಕದ ತೆಬೆಸ್ಸದಲ್ಲಿ ಮಾಕ್ಸಿಮಿಲಿಯನ್ ಎಂಬ ಇಪ್ಪತ್ತೊಂದರ ತರುಣ, ತಾನು ಕ್ರೈಸ್ತನಾದ್ದರಿಂದ ಸೈನ್ಯಕ್ಕೆ ಸೇರಲಾರೆ ಎಂದು ತಲೆ ಕೊಟ್ಟ. ಅದೇ ಕಾಲಕ್ಕೆ ರೋಮನ್ ಸೈನ್ಯದಲ್ಲಿ ಕ್ರೈಸ್ತರೂ ಇದ್ದರು. ನಾಲ್ಕನೆಯ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಶಿಲುಬೆಯ ಕಡೆಗೆ ಒಲಿದ ಮೇಲೆ ಸಭೆ ಮತ್ತು ಸಿಂಹಾಸನ ಹತ್ತಿರವಾದವು. ಯಾವ ಯುದ್ಧ ನ್ಯಾಯವಾದದ್ದು ಎಂದು ಅಗಸ್ಟೀನನಂಥ ದೊಡ್ಡ ಚಿಂತಕರು ಲೆಕ್ಕ ಹಾಕಬೇಕಾಯಿತು. ಹಳೆಯ ಪಟ್ಟನ್ನು ಬಿಡದವರು ಹೆಚ್ಚಾಗಿ ಮಠಗಳಲ್ಲಿ ಉಳಿದರು.

ಪ್ರಶ್ನೆ ಮತ್ತೆ ಬೀದಿಗೆ ಬಂದದ್ದು 1525ರ ಜನವರಿಯಲ್ಲಿ, ಜ್ಯೂರಿಕ್ ನಗರದಲ್ಲಿ. ಕೊನ್ರಾಡ್ ಗ್ರೇಬೆಲ್, ಫೆಲಿಕ್ಸ್ ಮಾಂಟ್ಸ್ ಮುಂತಾದ ಕೆಲವರು ಒಂದು ಮನೆಯಲ್ಲಿ ಸೇರಿ ಒಬ್ಬರಿಗೊಬ್ಬರು ಹೊಸದಾಗಿ ದೀಕ್ಷಾಸ್ನಾನ ಕೊಟ್ಟುಕೊಂಡರು. ಹುಟ್ಟಿದ ಪ್ರತಿ ಮಗುವಿಗೂ ಸ್ನಾನ ಮಾಡಿಸಿ ಚರ್ಚು ಮತ್ತು ನಗರಸಭೆ ಎರಡರ ದಾಖಲೆಗೂ ಸೇರಿಸುತ್ತಿದ್ದ ಕಾಲದಲ್ಲಿ, ನಂಬಿಕೆ ಬಲಿತವರ ಆಯ್ಕೆ ಎಂದದ್ದು ರಾಜದ್ರೋಹದಂತೆ ಕಂಡಿತು. ಎರಡೇ ವರ್ಷದಲ್ಲಿ ಮಾಂಟ್ಸ್‌ನನ್ನು ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದರು. ಅನಬ್ಯಾಪ್ಟಿಸ್ಟರು ಎಂದು ಹೆಸರಾದ ಇವರು 1527ರಲ್ಲಿ ಶ್ಲೈಟ್‌ಹೈಮ್ ಎಂಬ ಊರಲ್ಲಿ ಸೇರಿ ಏಳು ಮಾತುಗಳಿಗೆ ಒಪ್ಪಿದರು. ಕತ್ತಿ ಹಿಡಿಯುವುದಿಲ್ಲ, ಆಣೆ ಮಾಡುವುದಿಲ್ಲ, ದಂಡಾಧಿಕಾರಿಯ ಹುದ್ದೆಯಲ್ಲಿ ಕೂರುವುದಿಲ್ಲ ಎಂಬವೂ ಅವುಗಳಲ್ಲಿದ್ದವು. ಇಂದಿನ ಮೆನ್ನೊನೈಟರು, ಆಮಿಷ್ ಜನ ಈ ಬೇರಿನಿಂದ ಬಂದವರು.

ಈ ಪರಂಪರೆ ಇಂದಿಗೂ ಮಕ್ಕಳಿಗೆ ಹೇಳುವ ಕತೆ ಡಿರ್ಕ್ ವಿಲೆಮ್ಸ್‌ನದು. ಹಾಲೆಂಡಿನ ಆಸ್ಪೆರೆನ್‌ನಲ್ಲಿ ಮರುದೀಕ್ಷೆಯ ಅಪರಾಧಕ್ಕೆ ಸೆರೆಯಾದ ಅವನು ಬಟ್ಟೆ ಹೊಸೆದ ಹಗ್ಗದಿಂದ ಕಿಟಕಿಯಿಂದಿಳಿದು ಓಡಿದ. ಸೆರೆಯ ಅನ್ನ ತಿಂದು ಸೊರಗಿದ್ದ ಅವನನ್ನು ಕೊಳದ ತೆಳು ಮಂಜುಗಡ್ಡೆ ತಡೆದುಕೊಂಡಿತು. ಬೆನ್ನಟ್ಟಿ ಬಂದ ಕಾವಲುಗಾರನ ಕಾಲಡಿ ಅದು ಒಡೆಯಿತು. ಡಿರ್ಕ್ ಹಿಂದಿರುಗಿ ಬಂದು ಮುಳುಗುತ್ತಿದ್ದವನನ್ನು ಕೈಹಿಡಿದು ಎಳೆದ. ಅವನನ್ನು ಬಿಟ್ಟುಬಿಡಲು ಕಾವಲುಗಾರನಿಗೆ ಮನಸ್ಸಿತ್ತು. ದಡದಲ್ಲಿದ್ದ ನಗರಾಧಿಕಾರಿ ಬಿಡಗೊಡಲಿಲ್ಲ. 1569ರ ಮೇ 16ರಂದು ಡಿರ್ಕ್‌ನನ್ನು ಸುಟ್ಟರು. ಗಾಳಿ ಬೆಂಕಿಯನ್ನು ಅತ್ತ ತಳ್ಳುತ್ತಿದ್ದುದರಿಂದ ಅವನು ಬಹಳ ಹೊತ್ತು ನರಳಿದ. ಈ ಕತೆಯಲ್ಲಿ ಯಾರೂ ಗೆಲ್ಲುವುದಿಲ್ಲ, ಕಾನೂನು ಬದಲಾಗುವುದಿಲ್ಲ. ಆದರೂ ನಾಲ್ಕೂವರೆ ಶತಮಾನ ಅದು ಒಂದು ಸಮುದಾಯವನ್ನು ಯುದ್ಧದಿಂದ ದೂರ ಇಟ್ಟಿದೆ. ಎರಡನೆಯ ಮಹಾಯುದ್ಧದಲ್ಲಿ ಬಂದೂಕು ಮುಟ್ಟದೆ ಬದಲಿ ಸೇವೆಗೆ ಹೋದ ಸುಮಾರು 12,000 ಅಮೆರಿಕನ್ ಯುವಕರಲ್ಲಿ ಮೆನ್ನೊನೈಟರೇ ದೊಡ್ಡ ಗುಂಪು. ಕಾಡಿನ ಬೆಂಕಿ ಆರಿಸಿದವರು, ಮಾನಸಿಕ ಆಸ್ಪತ್ರೆಗಳ ದುಃಸ್ಥಿತಿಯನ್ನು ಹೊರಗೆ ತಂದವರು ಆ ಶಿಬಿರಗಳಲ್ಲಿದ್ದರು. ಯುದ್ಧದ ನಂತರ ಹಸಿದವರಿಗೆ ಹೇಗೆ ಮತ್ತೆ ಅನ್ನ ಕೊಡಬೇಕೆಂದು ತಿಳಿಯಲು ಮಿನ್ನೆಸೊಟದಲ್ಲಿ ತಾವೇ ಉಪವಾಸ ಬಿದ್ದು ಪ್ರಯೋಗಕ್ಕೆ ಒಡ್ಡಿಕೊಂಡ 36 ಮಂದಿಯೂ ಅವರೇ.

ಇದೇ ಪರಂಪರೆಯ ಅಂಚಿನಲ್ಲಿ 1534ರಲ್ಲಿ ಮ್ಯುನ್‌ಸ್ಟರ್ ನಗರವನ್ನು ವಶಪಡಿಸಿಕೊಂಡು, ದೇವರ ರಾಜ್ಯವನ್ನು ಕತ್ತಿಯಿಂದ ಸ್ಥಾಪಿಸಲು ಹೊರಟವರೂ ಇದ್ದರು. ಅದು ರಕ್ತದಲ್ಲಿ ಮುಗಿಯಿತು. ಮೆನ್ನೊ ಸೈಮನ್ಸ್ 1536ರಲ್ಲಿ ಪಾದ್ರಿ ಹುದ್ದೆ ತೊರೆದು, ಚದುರಿದವರನ್ನು ಮತ್ತೆ ಅಹಿಂಸೆಯ ದಾರಿಗೆ ತಂದದ್ದು ಆ ಗಾಯದ ಮೇಲೆ.

ಯುದ್ಧವನ್ನು ಒಪ್ಪದ ಇನ್ನೊಂದು ಕ್ರೈಸ್ತ ಪಂಥವಾದ ಕ್ವೇಕರರ ಅನುಭವ ಬೇರೆ ಬಗೆಯದು, ಮತ್ತು ನಮ್ಮ ಪ್ರಶ್ನೆಗೆ ಹೆಚ್ಚು ಪ್ರಯೋಜನದ್ದು. ಅವರು ಅಧಿಕಾರ ನಡೆಸಿ ನೋಡಿದವರು. 1682ರಿಂದ ವಿಲಿಯಂ ಪೆನ್ ಕಟ್ಟಿದ ಪೆನ್ಸಿಲ್ವೇನಿಯದ ಶಾಸನಸಭೆಯಲ್ಲಿ ಮುಕ್ಕಾಲು ಶತಮಾನ ಅವರದೇ ಮೇಲುಗೈ. ಅಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನರೊಂದಿಗೆ ಪೆನ್ ಸ್ನೇಹದಿಂದ ಇದ್ದ. ಅವನ ಮಕ್ಕಳು 1737ರಲ್ಲಿ ಮೋಸದ ಒಪ್ಪಂದದಿಂದ ಅವರ ನೆಲ ಕಸಿದರು. 1756ರಲ್ಲಿ ಗವರ್ನರ್ ಆ ಜನರ ಮೇಲೆ ಯುದ್ಧ ಸಾರಿ, ನೆತ್ತಿಯ ಚರ್ಮಕ್ಕೆ ಬಹುಮಾನ ಘೋಷಿಸಿದಾಗ ಶಾಸನಸಭೆಯ ಕ್ವೇಕರ್ ಸದಸ್ಯರಲ್ಲಿ ಆರು ಮಂದಿ ರಾಜೀನಾಮೆ ಕೊಟ್ಟರು. ಅಲ್ಲಿಂದ ಮುಂದಿನದು ಗಮನಿಸಬೇಕಾದದ್ದು. ಅದೇ ವರ್ಷ ಇಸ್ರೇಲ್ ಪೆಂಬರ್ಟನ್ ಮುಂತಾದವರು ಮೂಲನಿವಾಸಿಗಳೊಂದಿಗೆ ಸಂಧಾನಕ್ಕೆ ಸ್ವಂತ ಹಣ ಹಾಕಿ ಸಂಘ ಕಟ್ಟಿದರು. 1758ರಲ್ಲಿ ಫಿಲಡೆಲ್ಫಿಯದ ಕ್ವೇಕರರ ವಾರ್ಷಿಕ ಸಭೆ ಗುಲಾಮರ ವ್ಯಾಪಾರದ ವಿರುದ್ಧ ಗಟ್ಟಿ ನಿಲುವು ತಳೆಯಿತು. 1776ರ ಹೊತ್ತಿಗೆ ಗುಲಾಮರನ್ನು ಇಟ್ಟುಕೊಂಡವರಿಗೆ ಸದಸ್ಯತ್ವವೇ ಇಲ್ಲ ಎಂದಿತು. ಜಾನ್ ವುಲ್ಮನ್ ಎಂಬ ದರ್ಜಿ ಊರೂರು ತಿರುಗಿ ಗುಲಾಮರ ಒಡೆಯರ ಮನೆಗಳಲ್ಲೇ ತಂಗುತ್ತಿದ್ದ. ಊಟ ಮಾಡಿದ ಮೇಲೆ ಬಡಿಸಿದ ಗುಲಾಮರಿಗೆ ಕೂಲಿ ಕೊಟ್ಟು ಹೊರಡುತ್ತಿದ್ದ. ಒಡೆಯನಿಗೆ ಬೈಯದೆ, ಅವನ ಕಣ್ಣೆದುರೇ ಸತ್ಯವನ್ನು ಇಟ್ಟು ಬರುವ ಈ ರೀತಿಗೆ ಎಷ್ಟು ಧೈರ್ಯ ಬೇಕೆಂದು ಯೋಚಿಸಿದಷ್ಟೂ ವುಲ್ಮನ್ ದೊಡ್ಡವನಾಗುತ್ತಾನೆ. ಕ್ವೇಕರರು ಕುರ್ಚಿ ಬಿಟ್ಟ ಮೇಲೆ ಅವರ ನೈತಿಕ ಶಕ್ತಿ ಹೆಚ್ಚಿತು. ಎರಡು ಮಹಾಯುದ್ಧಗಳ ನಂತರ ಸೋತ ಜರ್ಮನಿಯ ಹಸಿದ ಮಕ್ಕಳಿಗೆ ಊಟ ಕೊಟ್ಟ ಅವರ ಸೇವಾಸಂಸ್ಥೆಗಳಿಗೆ 1947ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಇಲ್ಲಿ ಎದುರುವಾದಿಯ ಮಾತನ್ನು ಪೂರ್ತಿ ಕೇಳಬೇಕು. ಅಮೆರಿಕದ ದೇವತಾಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬುರ್ ಒಂದು ಕಾಲಕ್ಕೆ ತಾವೇ ಶಾಂತಿವಾದಿಗಳ ಸಂಘಟನೆಯಲ್ಲಿದ್ದವರು. 1930ರ ದಶಕದಲ್ಲಿ ಅದರಿಂದ ಹೊರಬಂದರು. ಅವರ ವಾದ ಹೀಗೆ: ಮನುಷ್ಯ ಮನುಷ್ಯರ ನಡುವೆ ಪ್ರೀತಿ ಕೆಲಸ ಮಾಡೀತು, ವರ್ಗಗಳ, ದೇಶಗಳ ನಡುವೆ ಸ್ವಾರ್ಥವೇ ಆಳುತ್ತದೆ, ಅದನ್ನು ಬಲದಿಂದಲೇ ತಡೆಯಬೇಕು. ಹಿಟ್ಲರನ ಎದುರು ಕೈಕಟ್ಟಿ ನಿಂತವರು ತಮ್ಮ ಶುದ್ಧಿಗಾಗಿ ಬೇರೆಯವರ ಪ್ರಾಣವನ್ನು ಬೆಲೆಯಾಗಿ ತೆರುತ್ತಾರೆ. ಡೀಟ್ರಿಚ್ ಬೋನ್‌ಹೋಫರ್ ಗಾಂಧೀಜಿಯ ಆಶ್ರಮಕ್ಕೆ ಬಂದು ಅಹಿಂಸೆ ಕಲಿಯಬೇಕೆಂದಿದ್ದ ಜರ್ಮನ್ ಪಾಸ್ಟರ್. ಕೊನೆಗೆ ಹಿಟ್ಲರನನ್ನು ಕೊಲ್ಲುವ ಸಂಚುಗಾರರ ಬಳಗ ಸೇರಿ, 1945ರ ಏಪ್ರಿಲ್ 9ರಂದು ನೇಣಿಗೆ ಹೋದರು. ಈ ವಾದಕ್ಕೆ ಸುಲಭದ ಉತ್ತರವಿಲ್ಲ. ನಾಜಿ ಸೈನ್ಯವನ್ನು ಸೋಲಿಸಿದ್ದು ಸೈನ್ಯಗಳೇ ಎಂಬುದನ್ನು ಒಪ್ಪದೆ ಯಾರೂ ಪ್ರಾಮಾಣಿಕವಾಗಿ ಶಾಂತಿಯ ಮಾತಾಡಲಾರರು.

ಆದರೆ ಲ ಶಾಂಬೋನ್ ಎಂಬ ಊರೂ ಆ ಯುದ್ಧದ ಚರಿತ್ರೆಯಲ್ಲೇ ಇದೆ. ದಕ್ಷಿಣ ಫ್ರಾನ್ಸಿನ ಎತ್ತರದ ಬಯಲಲ್ಲಿರುವ ಈ ಊರಿನವರು ಹೆಚ್ಚಾಗಿ ಪ್ರಾಟೆಸ್ಟಂಟರು. ಅವರ ಅಜ್ಜಮುತ್ತಜ್ಜಂದಿರು ನಂಬಿಕೆಗಾಗಿ ಬೇಟೆಗೊಳಗಾಗಿದ್ದವರು. ಪಾಸ್ಟರ್ ಆಂದ್ರೆ ಟ್ರೊಕ್ಮೆ ಮತ್ತು ಎದುವಾರ್ ತೀಸ್ 1938ರಲ್ಲಿ ಅಲ್ಲಿ ಶಾಂತಿಯ ಪಾಠ ಹೇಳುವ ಶಾಲೆ ತೆರೆದಿದ್ದರು. 1940ರ ಜೂನ್‌ನಲ್ಲಿ ಫ್ರಾನ್ಸ್ ಶರಣಾದ ಮರುದಿನವೇ ಇಬ್ಬರೂ ಪೀಠದಿಂದ ತಮ್ಮ ಜನಕ್ಕೆ ಹೇಳಿದ್ದು, ಆತ್ಮದ ಆಯುಧಗಳಿಂದ ಎದುರಿಸಬೇಕೆಂದು. ಆ ಚಳಿಗಾಲದಲ್ಲಿ ಒಬ್ಬ ಯಹೂದಿ ಹೆಂಗಸು ಟ್ರೊಕ್ಮೆ ಅವರ ಮನೆ ಬಾಗಿಲು ತಟ್ಟಿದಾಗ ಅವರ ಪತ್ನಿ ಮಾಗ್ದಾ ಒಳಗೆ ಕರೆದರು. ಹೀಗೆ ಸುತ್ತಲಿನ ತೋಟದ ಮನೆಗಳು, ಹಾಸ್ಟೆಲುಗಳು, ಶಾಲೆಗಳು ತುಂಬಿದವು. ಕ್ವೇಕರರ ಹಣ ಬಂತು. ಸುಳ್ಳು ಗುರುತುಚೀಟಿಗಳು ತಯಾರಾದವು. ಸ್ವಿಟ್ಜರ್ಲೆಂಡಿನ ಗಡಿಗೆ ದಾರಿ ತೋರುವವರು ಸಿದ್ಧರಾದರು. 1942ರ ಬೇಸಿಗೆಯಲ್ಲಿ ಪೊಲೀಸರು ಬಸ್ಸು ತಂದು ಯಹೂದಿಗಳ ಪಟ್ಟಿ ಕೇಳಿದಾಗ ಟ್ರೊಕ್ಮೆ ಕೊಡಲಿಲ್ಲ. 1943ರಲ್ಲಿ ಅವರನ್ನೂ ತೀಸ್ ಅವರನ್ನೂ ಕೆಲವು ವಾರ ಬಂಧಿಸಿಟ್ಟರು. ಹುಡುಗರ ಹಾಸ್ಟೆಲು ನೋಡಿಕೊಳ್ಳುತ್ತಿದ್ದ ಅವರ ಬಂಧು ದಾನಿಯೆಲ್ ಟ್ರೊಕ್ಮೆ ತಪ್ಪಿಸಿಕೊಳ್ಳುವ ಅವಕಾಶವಿದ್ದೂ ವಿದ್ಯಾರ್ಥಿಗಳ ಜೊತೆ ಹೋಗಿ ಮಾಯ್ದಾನೆಕ್ ಶಿಬಿರದಲ್ಲಿ ಸತ್ತರು. ಉಳಿದುಕೊಂಡ ಜನ ಸಾವಿರಾರು. ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ 1990ರಲ್ಲಿ ಇಡೀ ಊರನ್ನೇ ಗೌರವಿಸಿತು.

ನೀಬುರ್ ಸರಿಯೋ ಟ್ರೊಕ್ಮೆ ಸರಿಯೋ ಎಂಬ ತರ್ಕಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಆ ಊರಿನವರು ಹಿಟ್ಲರನನ್ನು ಸೋಲಿಸುವ ಯೋಜನೆ ಹಾಕಲಿಲ್ಲ; ಬಾಗಿಲಿಗೆ ಬಂದವರನ್ನು ಉಳಿಸಿದರು. ಸೈನ್ಯಗಳು ಯಹೂದಿಗಳನ್ನು ಉಳಿಸಲು ಹೊರಟವಲ್ಲ. ಯುದ್ಧ ಗೆದ್ದ ದಿನದವರೆಗೆ ಆ ಮಕ್ಕಳು ಬದುಕಿರಬೇಕಾದರೆ ಯಾರಾದರೂ ಅವರಿಗೆ ಹಾಸಿಗೆ, ರೊಟ್ಟಿ, ಸುಳ್ಳು ಹೆಸರು ಕೊಡಬೇಕಿತ್ತು.

ಮತದಾನವನ್ನೇ ದೂರವಿಟ್ಟವರಲ್ಲಿ ದೊಡ್ಡ ಹೆಸರು ಡೊರೊಥಿ ಡೇ. 1917ರಲ್ಲಿ ಮಹಿಳೆಯರ ಮತದ ಹಕ್ಕಿಗಾಗಿ ವಾಷಿಂಗ್ಟನ್ನಿನಲ್ಲಿ ಧರಣಿ ಕೂತು ಜೈಲಿಗೆ ಹೋದರೂ ಆಕೆ ಸ್ವತಃ ಮತ ಹಾಕಲಿಲ್ಲ. 1933ರ ಮೇ 1ರಂದು ಪೀಟರ್ ಮೋರಿನ್ ಜೊತೆ ನ್ಯೂಯಾರ್ಕಿನಲ್ಲಿ ಒಂದು ಸೆಂಟಿನ ಪತ್ರಿಕೆ ಹೊರಡಿಸಿ, ಊಟದ ಸಾಲುಗಳಿಗೂ ನೆಲೆಯಿಲ್ಲದವರಿಗೂ ಮನೆಗಳನ್ನು ತೆರೆದರು. ಪತ್ರಿಕೆಯ ಪ್ರಸಾರ ಲಕ್ಷ ದಾಟಿತ್ತು. ಸ್ಪೇನಿನ ಅಂತರ್ಯುದ್ಧದಲ್ಲೂ ಎರಡನೆಯ ಮಹಾಯುದ್ಧದಲ್ಲೂ ಕೊಲ್ಲುವುದನ್ನು ಒಪ್ಪದ ಕಾರಣ ಚಂದಾದಾರರು, ಬಳಗದ ಮನೆಗಳು ಉದುರಿಹೋದವು. ಆಕೆ ಬದಲಾಗಲಿಲ್ಲ.

ಮತದ ಬಗ್ಗೆ ಡೇ ಅವರ ನಿಲುವನ್ನು ಎಲ್ಲರ ಮೇಲೆ ಹೇರುವುದು ಅನ್ಯಾಯ ಎಂದು ತೋರಿಸಿಕೊಡುವವರು ಫ್ಯಾನಿ ಲೂ ಹೇಮರ್. ಮಿಸಿಸಿಪಿಯ ಹತ್ತಿ ಹೊಲಗಳಲ್ಲಿ ಬೆಳೆಯ ಪಾಲಿಗೆ ದುಡಿಯುತ್ತಿದ್ದ ಕಪ್ಪು ಹೆಣ್ಣುಮಗಳು. 1962ರ ಆಗಸ್ಟ್‌ನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದದ್ದಕ್ಕೆ, ಹದಿನೆಂಟು ವರ್ಷ ದುಡಿದಿದ್ದ ಎಸ್ಟೇಟಿನಿಂದ ಹೊರದೂಡಿಸಿಕೊಂಡರು. ಮರುವರ್ಷ ವಿನೋನದ ಜೈಲಿನಲ್ಲಿ ತಿಂದ ಹೊಡೆತದಿಂದ ಮೂತ್ರಪಿಂಡಕ್ಕೆ ಪೆಟ್ಟಾಯಿತು. ಸಭೆಗಳಲ್ಲಿ ಬೈಬಲ್ಲಿನ ಮಾತುಗಳಿಂದ, ಚರ್ಚಿನ ಹಾಡುಗಳಿಂದ ಜನರ ಭಯ ಬಿಡಿಸಿದವರು ಆಕೆ. ದ್ವೇಷಕ್ಕೆ ಮನಸ್ಸಿನಲ್ಲಿ ಜಾಗ ಕೊಡಲಿಲ್ಲ. ಆಕೆಗೆ ಮತ ಎಂದರೆ ಮನುಷ್ಯಳೆಂಬ ಗುರುತು. ಮತದ ಹಕ್ಕು ಇದ್ದವರು ಅದನ್ನು ಧರ್ಮದ ಹೆಸರಿನಲ್ಲಿ ಬದಿಗಿಡುವುದು ಬೇರೆ, ಕಸಿದುಕೊಂಡವರ ಮುಂದೆ ಕೈಚೆಲ್ಲುವುದು ಬೇರೆ. ಮಾರ್ಟಿನ್ ಲೂಥರ್ ಕಿಂಗ್ 1965ರಲ್ಲಿ ಸೆಲ್ಮದಿಂದ ನಡೆದದ್ದೂ ಆ ಹಕ್ಕಿಗಾಗಿಯೇ. ಟಾಲ್‌ಸ್ಟಾಯರಿಂದ ಗಾಂಧೀಜಿಗೆ, ಗಾಂಧೀಜಿಯಿಂದ ಕಿಂಗ್‌ಗೆ ಹರಿದುಬಂದ ಅಹಿಂಸೆ ಅಧಿಕಾರದ ಹೊರಗಿದ್ದೇ ಕಾನೂನನ್ನು ಬದಲಿಸಿತು. ಕಾನೂನು ಬಂದರೂ ಹಸಿವು ಹೋಗಲಿಲ್ಲವೆಂದು ಕಂಡ ಹೇಮರ್, 1969ರಲ್ಲಿ ಸಹಕಾರಿ ಕೃಷಿಭೂಮಿ ಕೊಂಡು ಬಡ ಕುಟುಂಬಗಳಿಗೆ ಹಂದಿ ಸಾಕಲು ಕೊಡುವ ವ್ಯವಸ್ಥೆ ಕಟ್ಟಿದರು.

ಉತ್ತರ ಐರ್ಲೆಂಡಿನ ಮಾತು ಹೇಳದೆ ಮುಂದೆ ಹೋಗಲಾರೆ. ಬೆಲ್‌ಫಾಸ್ಟಿನ ಕ್ಲೊನಾರ್ಡ್ ಮಠದ ಪಾದ್ರಿ ಅಲೆಕ್ ರೀಡ್ ವರ್ಷಗಟ್ಟಲೆ ಗುಟ್ಟಾಗಿ ರಾಜಕೀಯ ನಾಯಕರ ನಡುವೆ ಪತ್ರ ಸಾಗಿಸಿದವರು. 1988ರ ಮಾರ್ಚ್ 19ರಂದು ಶವಯಾತ್ರೆಯೊಂದರ ಗುಂಪು ಇಬ್ಬರು ಬ್ರಿಟಿಷ್ ಸೈನಿಕರನ್ನು ಹಿಡಿದು ಕೊಂದಾಗ, ತಡೆಯಲು ಹೋದ ರೀಡ್ ಅವರನ್ನು ಎಳೆದುಹಾಕಿದರು. ಗುಂಡೇಟು ಬಿದ್ದ ಸೈನಿಕನ ಬಾಯಿಗೆ ಉಸಿರೂದಿ, ರಕ್ತ ಮೆತ್ತಿದ ಮುಖದಲ್ಲೇ ಪಕ್ಕ ಮಂಡಿಯೂರಿ ಪ್ರಾರ್ಥಿಸಿದ ಅವರ ಚಿತ್ರ ಲೋಕವೆಲ್ಲ ನೋಡಿತು. ಆ ದಿನ ಅವರ ಬಳಿ ರಾಜಕೀಯ ನಾಯಕ ಜಾನ್ ಹ್ಯೂಮ್ ಅವರಿಗೆ ತಲುಪಿಸಬೇಕಾದ, ಶಿನ್ ಫೇನ್ ಪಕ್ಷದ ದಾಖಲೆಯ ಲಕೋಟೆ ಇತ್ತು. ಅದಕ್ಕೂ ರಕ್ತ ತಾಗಿತ್ತು. ಅದನ್ನು ಮುಟ್ಟಿಸಿದರು. ಹತ್ತು ವರ್ಷದ ನಂತರ, 1998ರ ಏಪ್ರಿಲ್ 10ರಂದು ಶುಭ ಶುಕ್ರವಾರದ ಒಪ್ಪಂದವಾಯಿತು. 2005ರಲ್ಲಿ ಐಆರ್‌ಎ ಎಂಬ ಸಶಸ್ತ್ರ ಪಡೆ ಆಯುಧಗಳನ್ನು ಬಿಟ್ಟುಕೊಟ್ಟದ್ದಕ್ಕೆ ಸಾಕ್ಷಿಗಳಾಗಿ ನಿಂತವರು ಇಬ್ಬರು: ಕ್ಯಾಥೊಲಿಕ್ ರೀಡ್, ಮೆಥೊಡಿಸ್ಟ್ ಹೆರಾಲ್ಡ್ ಗುಡ್.

ಇಷ್ಟೆಲ್ಲ ಹೇಳಿ ಈ ಪರಂಪರೆಯ ಕೊಳೆಯನ್ನು ಮುಚ್ಚಿಟ್ಟರೆ ಬರೆದದ್ದಕ್ಕೆ ಬೆಲೆಯಿಲ್ಲ. ಯೇಸುವಿನ ಅಹಿಂಸೆ ರಾಜಕೀಯವೇ ಹೌದೆಂದು 1972ರ ತಮ್ಮ ಪುಸ್ತಕದಲ್ಲಿ ಪ್ರತಿಪಾದಿಸಿ ಒಂದು ತಲೆಮಾರನ್ನೇ ತಿದ್ದಿದ ಮೆನ್ನೊನೈಟ್ ವಿದ್ವಾಂಸ ಜಾನ್ ಹೊವರ್ಡ್ ಯೋಡರ್, ಹಲವು ವರ್ಷ ವಿದ್ಯಾರ್ಥಿನಿಯರ, ಸಹೋದ್ಯೋಗಿಗಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದರು. ನೊಂದವರು ನೂರಕ್ಕೂ ಹೆಚ್ಚು ಎಂಬ ಅಂದಾಜಿದೆ. ಅವರ ಸೆಮಿನರಿ ಬಹಿರಂಗವಾಗಿ ಕ್ಷಮೆ ಕೇಳಿದ್ದು 2015ರಲ್ಲಿ, ಅವರು ಸತ್ತು ಹದಿನೇಳು ವರ್ಷದ ಮೇಲೆ. ಬುದ್ಧಿಮಾಂದ್ಯರೊಂದಿಗೆ ಒಂದೇ ಮನೆಯಲ್ಲಿ ಬಾಳುವ ಲಾರ್ಷ್ ಸಮುದಾಯವನ್ನು 1964ರಲ್ಲಿ ಆರಂಭಿಸಿದ ಜಾನ್ ವಾನಿಯೆ ಕೂಡ ಹಾಗೆಯೇ ಮಹಿಳೆಯರನ್ನು ಬಳಸಿಕೊಂಡಿದ್ದರೆಂದು ಆ ಸಂಸ್ಥೆಯೇ ತನಿಖೆ ಮಾಡಿಸಿ 2020ರಲ್ಲಿ ಪ್ರಕಟಿಸಿತು. ಬೆಂಗಳೂರಿನಲ್ಲಿ 1970ರಿಂದ ಇರುವ ಆಶಾನಿಕೇತನ ಆ ಲಾರ್ಷ್ ಬಳಗದ್ದೇ ಮನೆ. ಸ್ಥಾಪಕನ ಪಾಪ ಅಲ್ಲಿನವರ ದಿನನಿತ್ಯದ ಸೇವೆಯನ್ನು ಅಳಿಸುವುದಿಲ್ಲ. ಆದರೆ ಹೊರಗಿನ ಕೋರ್ಟು ಕಚೇರಿಗಳನ್ನು ದೂರವಿಟ್ಟು ಎಲ್ಲವನ್ನೂ ಒಳಗೇ ರಾಜಿ ಮಾಡಿಕೊಳ್ಳುವ ಅಭ್ಯಾಸವಿರುವ ಸಮುದಾಯಗಳಲ್ಲಿ ಬಲಾಢ್ಯನಿಗೆ ರಕ್ಷಣೆ, ದುರ್ಬಲಳಿಗೆ ಮೌನ ಸಿಗುತ್ತದೆ. 2006ರಲ್ಲಿ ಪೆನ್ಸಿಲ್ವೇನಿಯದ ನಿಕಲ್ ಮೈನ್ಸ್ ಶಾಲೆಯಲ್ಲಿ ಐದು ಹೆಣ್ಣುಮಕ್ಕಳನ್ನು ಕೊಂದವನ ಹೆಂಡತಿಗೆ, ತಂದೆತಾಯಿಗೆ ಸಾಂತ್ವನ ಹೇಳಲು ಅಂದೇ ನಡೆದುಹೋದ ಆಮಿಷ್ ಜನರ ಕ್ಷಮೆಗೆ ತಲೆಬಾಗುತ್ತೇನೆ. ಅದೇ ಸಮುದಾಯದಲ್ಲಿ ಮನೆಯೊಳಗೇ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ ಕ್ಷಮಿಸೆಂದು ಒತ್ತಾಯಿಸಿದ ಪ್ರಕರಣಗಳೂ ಹೊರಬಂದಿವೆ. ಕ್ಷಮೆ ನೊಂದವರು ಕೊಡಬೇಕಾದ ದಾನ. ಅದನ್ನು ವಸೂಲಿ ಮಾಡುವ ಹಕ್ಕು ಯಾವ ಹಿರಿಯರಿಗೂ ಇಲ್ಲ.

ಭಾರತದಲ್ಲಿ ಕ್ರೈಸ್ತರು 2011ರ ಜನಗಣತಿಯಂತೆ ಶೇ. 2.3. ಹೆಚ್ಚಿನ ಕಡೆ ಗದ್ದುಗೆಯ ಪ್ರಶ್ನೆಯೇ ಅವರ ಮುಂದಿಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಕ್ರೈಸ್ತ ಮಿಷನರಿ ಗ್ರಹಾಂ ಸ್ಟೇನ್ಸ್, ಅವರ ಹತ್ತು ಮತ್ತು ಆರು ವರ್ಷದ ಮಕ್ಕಳಾದ ಫಿಲಿಪ್, ತಿಮೊಥಿಯನ್ನು ಜೀಪಿನಲ್ಲೇ ಸುಟ್ಟ ಮೇಲೆ ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದೆನೆಂದರು. 2004ರವರೆಗೆ ಬಾರಿಪದದಲ್ಲೇ ಇದ್ದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಕಾನೂನು ತನ್ನ ದಾರಿಯಲ್ಲಿ ಸಾಗಿ, 2011ರಲ್ಲಿ ಸುಪ್ರೀಂ ಕೋರ್ಟು ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಆಕೆಯ ಕ್ಷಮೆ ಅದಕ್ಕೆ ಅಡ್ಡಬರಲಿಲ್ಲ.

ಈಶಾನ್ಯದ ಕೆಲವು ರಾಜ್ಯಗಳಲ್ಲಿ ಮಾತ್ರ ಕ್ರೈಸ್ತರೇ ಬಹುಸಂಖ್ಯಾತರು, ಅಲ್ಲಿನ ಪರೀಕ್ಷೆ ಬೇರೆ. 1964ರಲ್ಲಿ ನಾಗಾ ಬ್ಯಾಪ್ಟಿಸ್ಟ್ ಸಭೆಗಳು ಜಯಪ್ರಕಾಶ ನಾರಾಯಣ್, ಮೈಕೆಲ್ ಸ್ಕಾಟ್, ಬಿ.ಪಿ. ಚಾಲಿಹಾ ಅವರನ್ನು ಒಟ್ಟುಗೂಡಿಸಿ ಶಾಂತಿ ನಿಯೋಗ ರಚಿಸಿದವು. ಸೆಪ್ಟೆಂಬರ್ 6ರಿಂದ ಸರ್ಕಾರ ಮತ್ತು ನಾಗಾ ಬಂಡುಕೋರರ ನಡುವೆ ಕದನವಿರಾಮ ಬಂತು, ಆದರೆ ಮೂಲ ಪ್ರಶ್ನೆ ಬಗೆಹರಿಯಲಿಲ್ಲ. ಮಿಜೋರಾಂನಲ್ಲಿ ಇಪ್ಪತ್ತು ವರ್ಷದ ಬಂಡಾಯ 1986ರ ಜೂನ್ 30ರ ಒಪ್ಪಂದದಲ್ಲಿ ಕೊನೆಗೊಳ್ಳುವುದಕ್ಕೆ ಚರ್ಚುಗಳ ಮಧ್ಯಸ್ಥಿಕೆ ನೆರವಾಯಿತು. ಅಲ್ಲಿನ ಸಭೆಗಳ ಬೆಂಬಲದಿಂದ 2006ರಲ್ಲಿ ಹುಟ್ಟಿದ ಮಿಜೋರಾಂ ಪೀಪಲ್ಸ್ ಫೋರಂ ಅಭ್ಯರ್ಥಿಗಳನ್ನು ನಿಲ್ಲಿಸುವುದಿಲ್ಲ. ಮನೆಮನೆ ಪ್ರಚಾರ, ಔತಣ, ಹಣ ಹಂಚಿಕೆಗೆ ಕಡಿವಾಣ ಹಾಕಿ, ಎಲ್ಲ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಗೆ ತರುತ್ತದೆ. ನಮ್ಮ ಚುನಾವಣೆಗಳ ಖರ್ಚು ನೋಡಿದವರಿಗೆ ಇದು ಅಚ್ಚರಿಯ ಸಾಧನೆ. ಆದರೂ ನೂರಕ್ಕೆ ಎಂಬತ್ತೇಳು ಮಂದಿ ಕ್ರೈಸ್ತರಿರುವ ರಾಜ್ಯದಲ್ಲಿ ಚರ್ಚಿನ ಮಾತನ್ನು ಮೀರುವುದು ಅಭ್ಯರ್ಥಿಗೆ ಎಷ್ಟು ಸಾಧ್ಯ? ಗದ್ದುಗೆಯ ಮೇಲೆ ಕೂರದವರೂ ಗದ್ದುಗೆಯಷ್ಟೇ ಭಾರವಾಗಬಲ್ಲರು. ಅಲ್ಲಿನ ಅಲ್ಪಸಂಖ್ಯಾತರಾದ ಚಕ್ಮಾ, ಬ್ರೂ ಜನರೊಂದಿಗೆ ಈ ಸಭೆಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದರಿಂದ ಅವರ ಶಾಂತಿಯ ಮಾತನ್ನು ಅಳೆಯಬೇಕು.

ಬೆಂಗಳೂರಿನಲ್ಲಿ ಈ ಚರ್ಚೆಗೆ ಗಂಭೀರವಾದ ನೆಲೆಯಿತ್ತು. ಪಿ.ಡಿ. ದೇವಾನಂದನ್, ಎಂ.ಎಂ. ಥಾಮಸ್ 1957ರಲ್ಲಿ ಇಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಕ್ರೈಸ್ತ ಸಂಸ್ಥೆಯೊಂದನ್ನು ಕಟ್ಟಿದರು. ರಾಜಕೀಯದಿಂದ ದೂರ ನಿಲ್ಲುವುದನ್ನು ಥಾಮಸ್ ಒಪ್ಪಿದವರಲ್ಲ. ತುರ್ತುಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿದರು, ಮುಂದೆ ನಾಗಾಲ್ಯಾಂಡಿನ ರಾಜ್ಯಪಾಲರೂ ಆದರು. ಅವರ ಎಚ್ಚರಿಕೆ ಬೇಕಾದದ್ದೇ. ಸಂವಿಧಾನವೇ ಅಲುಗಿದಾಗ ಅನ್ನದಾನವೊಂದೇ ಸಾಲುವುದಿಲ್ಲ.

ಅದೇ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟನ್ನು 1975ರಿಂದ 1986ರವರೆಗೆ ನಡೆಸಿದವರು ಜೆಸ್ವಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿ. ಆಮೇಲೆ ಜಾರ್ಖಂಡಿಗೆ ಹೋಗಿ ಆದಿವಾಸಿಗಳ ನಡುವೆ ನೆಲೆಸಿದರು. ಅವರು ಯಾರಿಗೂ ಓಟು ಕೇಳಲಿಲ್ಲ. ಸಂವಿಧಾನದ ಐದನೆಯ ಅನುಸೂಚಿ ಆದಿವಾಸಿಗಳಿಗೆ ಕೊಟ್ಟ ರಕ್ಷಣೆ ಕಾಗದದಲ್ಲೇ ಏಕೆ ಉಳಿಯಿತು ಎಂದು ಕೇಳಿದರು. ನಕ್ಸಲರೆಂಬ ಹಣೆಪಟ್ಟಿಯಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ಆದಿವಾಸಿ ಯುವಕರಿಗಾಗಿ ಹೈಕೋರ್ಟಿಗೆ ಹೋದರು. 2020ರ ಅಕ್ಟೋಬರ್ 8ರಂದು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಅವರನ್ನು ಬಂಧಿಸಿದಾಗ ವಯಸ್ಸು 83. ಆರೋಪಗಳನ್ನು ಅವರು ಕೊನೆಯವರೆಗೂ ನಿರಾಕರಿಸಿದರು. ಪಾರ್ಕಿನ್‌ಸನ್ಸ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದೆ, ನೀರು ಕುಡಿಯಲು ಸ್ಟ್ರಾ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಜಾಮೀನು ಅರ್ಜಿ ಇತ್ಯರ್ಥವಾಗುವ ಮೊದಲೇ, 2021ರ ಜುಲೈ 5ರಂದು ಅವರೂ ಒಬ್ಬ ವಿಚಾರಣಾಧೀನ ಕೈದಿಯಾಗಿಯೇ ತೀರಿಕೊಂಡರು.